ಸಹ್ಯಾದ್ರಿಯ ತೊರೆಮೀನುಗಳು: ಮನೆಯ ದೊಡ್ಡ ಅಕ್ವೇರಿಯಂಗೆ ಆಯ್ಕೆ

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಹಾಕಿದ ನೆನಪು ನಮ್ಮಲ್ಲಿ ಅನೇಕರಿಗಿದೆ. ಮಿಶಿಗನ್ನಿನ ಮನೆಯಲ್ಲಿ ಆರಡಿ ಉದ್ದದ ಅಕ್ವೇರಿಯಂ ಇಡಲು ಹೊರಟಾಗ ನನಗೆ ಬೇಕೆನಿಸಿದ್ದು ಸಹ್ಯಾದ್ರಿಯ ಮೀನುಗಳೇ. ನಾನು ವೃತ್ತಿಯಿಂದ ವೈದ್ಯ, ಮತ್ಸ್ಯಶಾಸ್ತ್ರಜ್ಞನಲ್ಲ. ಸಾಕಿ ಕಲಿತದ್ದನ್ನು ಇಲ್ಲಿ ಸಂಗ್ರಹವಾಗಿ ನೀಡಿದ್ದೇನೆ.

ತೊಟ್ಟಿ ಮತ್ತು ನೀರು

125 ಗ್ಯಾಲನ್ ತೊಟ್ಟಿಯಲ್ಲಿ ಸುಮಾರು 475 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 475 ಕಿಲೋ. ಆದ್ದರಿಂದ ಕಾಂಕ್ರೀಟ್ ನೆಲವಿರುವ ಕೆಳಮನೆಯೇ ಲೇಸು. ತೊರೆಮೀನುಗಳು ಗುಂಪಾಗಿ ಈಜುವಂಥವು. ಅವಕ್ಕೆ ತೊಟ್ಟಿಯ ಎತ್ತರಕ್ಕಿಂತ ಉದ್ದ ಮುಖ್ಯ. ಹರಿವು, ಸಮೃದ್ಧ ಆಮ್ಲಜನಕ, 22ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕು.

ಮೀನು ವಿಸರ್ಜಿಸುವ ಅಮೋನಿಯವನ್ನು ಬ್ಯಾಕ್ಟೀರಿಯಗಳು ಮೊದಲು ನೈಟ್ರೈಟ್ ಆಗಿ, ಬಳಿಕ ಕಡಿಮೆ ವಿಷಕಾರಿಯಾದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಾನು ಎರಡನೆಯ ವಾರದಲ್ಲೇ ಆರು ಮೀನು ಬಿಟ್ಟೆ. ಅವು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಟ್ಟವು, ಕಿವಿರುಗಳು ಕಂದಿದವು. ಆರೂ ಸತ್ತವು. ನೈಟ್ರೈಟ್ ಹಿಮೋಗ್ಲೋಬಿನ್ನನ್ನು ಮೆಥೆಮೊಗ್ಲೋಬಿನ್ ಆಗಿ ಮಾರ್ಪಡಿಸುತ್ತದೆ, ಆಗ ರಕ್ತ ಆಮ್ಲಜನಕವನ್ನು ಒಯ್ಯಲಾರದು. ಕಲುಷಿತ ಬಾವಿನೀರಿನಿಂದ ಹಸುಗೂಸುಗಳು ನೀಲಿಗಟ್ಟುವುದೂ ಇದರಿಂದಲೇ. ಪಠ್ಯದಲ್ಲಿ ಓದಿದ್ದ ವಿಷಯ ನನ್ನ ತೊಟ್ಟಿಯಲ್ಲೇ ನಡೆದಾಗ ಹೊಳೆಯಲಿಲ್ಲವೆಂಬ ನಾಚಿಕೆ ಇಂದಿಗೂ ಇದೆ. ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರುವವರೆಗೆ ಕಾಯಿರಿ.

ಆಯ್ದುಕೊಳ್ಳಬಹುದಾದವು

ಡೆನಿಸನ್ ಗೆಂಡೆ: ಇಲ್ಲಿನ ಅಂಗಡಿಗಳಲ್ಲಿ ಇದು ‘ರೋಸ್‌ಲೈನ್ ಶಾರ್ಕ್’, ಆದರೆ ಶಾರ್ಕ್ ಜಾತಿಯದಲ್ಲ. ಕಪ್ಪು ಪಟ್ಟೆಯ ಮೇಲೆ ಕೆಂಪು ಗೆರೆ ಇದರ ಗುರುತು. 1865ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿಸ್ ಡೇ ಕೂಡ ವೈದ್ಯನೇ, ಮದರಾಸಿನ ಸೈನ್ಯದ ಶಸ್ತ್ರವೈದ್ಯ. ಎಂಟಕ್ಕೆ ಕಡಿಮೆ ಇಡಬಾರದು.

ತಂತುರೆಕ್ಕೆಯ ಗೆಂಡೆ: ವೈಜ್ಞಾನಿಕ ಹೆಸರು ಡಾಕಿನ್ಸಿಯಾ ಫಿಲಮೆಂಟೋಸ. ಬಾಲದ ಬಳಿ ಕಪ್ಪು ಮಚ್ಚೆ, ಬೆಳೆದ ಗಂಡಿನ ಬೆನ್ನುರೆಕ್ಕೆಯಲ್ಲಿ ಉದ್ದನೆಯ ಎಳೆಗಳು. ಗಟ್ಟಿಮುಟ್ಟಾದ ಮೀನು, ಹೊಸಬರಿಗೆ ಸೂಕ್ತ.

ಮಲಬಾರ್ ಡೇನಿಯೊ: ಮೇಲ್ಪದರದಲ್ಲಿ ಚುರುಕಾಗಿ ಈಜುತ್ತದೆ. ನೀರಿನಿಂದ ಹಾರುವುದರಿಂದ ಮುಚ್ಚಳ ಕಡ್ಡಾಯ.

ಬಿಡಬೇಕಾದವು

ಮಹಸೀರ್ ಮರಿಗಳು ಮೋಹಕವಾಗಿರುತ್ತವೆ, ಆದರೆ ಒಂದು ಮೀಟರು ಮೀರಿ ಬೆಳೆಯಬಲ್ಲವು. ಅವುಗಳ ಸ್ಥಳ ನದಿಯೇ. ಇಲ್ಲಿ ಸ್ನೇಕ್‌ಹೆಡ್ ಎನಿಸಿಕೊಳ್ಳುವ ಕೊರವ ಮೀನನ್ನು ಅನುಮತಿಯಿಲ್ಲದೆ ಅಮೆರಿಕಕ್ಕೆ ತರುವುದು 2002ರಿಂದ ನಿಷಿದ್ಧ. ಹಲವು ರಾಜ್ಯಗಳಲ್ಲಿ ಜೀವಂತವಾಗಿ ಇಟ್ಟುಕೊಳ್ಳುವುದೂ ಅಪರಾಧ.

ಎಲ್ಲಿಂದ ಬಂದ ಮೀನು?

ಕೇರಳ ಮತ್ತು ಅದಕ್ಕೆ ತಾಗಿದ ದಕ್ಷಿಣ ಕರ್ನಾಟಕದ ಕೆಲವೇ ನದಿಗಳಿಗೆ ಸೀಮಿತವಾದ ಡೆನಿಸನ್ ಗೆಂಡೆ ಇಂದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಅಕ್ವೇರಿಯಂ ವ್ಯಾಪಾರಕ್ಕಾಗಿ ಅತಿಯಾಗಿ ಹಿಡಿದದ್ದೂ ಅದಕ್ಕೊಂದು ಕಾರಣ. ಊರಿನ ಮೇಲಿನ ಪ್ರೀತಿಯೇ ಊರಿನ ಹೊಳೆಯನ್ನು ಬರಿದುಮಾಡಬಾರದು. ಸಾಕಣೆ ಕೇಂದ್ರಗಳಲ್ಲಿ ಮರಿಮಾಡಿಸಿದ ಮೀನು ಈಗ ದೊರೆಯುತ್ತದೆ. ಅಂಗಡಿಯವರು ಮೂಲವನ್ನು ಸ್ಪಷ್ಟವಾಗಿ ಹೇಳದಿದ್ದರೆ ಕೊಳ್ಳಬೇಡಿ. ಸಾಕಲಾಗದ ಮೀನನ್ನು ಇಲ್ಲಿನ ಕೆರೆಗೆ ಬಿಡದೆ, ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಿ.

ವೈದ್ಯನ ಮಾತೊಂದು

ಕೈಯಲ್ಲಿ ಗಾಯವಿದ್ದಾಗ ಬರಿಗೈಯನ್ನು ತೊಟ್ಟಿಗೆ ಹಾಕಬೇಡಿ. ಮೈಕೋಬ್ಯಾಕ್ಟೀರಿಯಂ ಮರಿನಮ್ ಎಂಬ ಸೂಕ್ಷ್ಮಾಣು ಚರ್ಮದಲ್ಲಿ ವಾರಗಟ್ಟಲೆ ಮಾಯದ ಗಂಟುಗಳನ್ನು ಉಂಟುಮಾಡಬಲ್ಲದು. ಅಂಥ ಗಂಟು ಕಂಡರೆ, ಮನೆಯಲ್ಲಿ ಅಕ್ವೇರಿಯಂ ಇದೆಯೆಂದು ವೈದ್ಯರಿಗೆ ನೀವಾಗಿಯೇ ಹೇಳಿ. ಅವರು ಕೇಳದೆ ಇರಬಹುದು.