ಸಾಂಬ್ರಾ ರನ್‌ವೇ ಕಥಿ (ಭಾಗ 2)

ಹಿಂಡಲಗಾದಾಗ ಇರೋ ನಮಗ ಸಾಂಬ್ರಾ ಅಂದ್ರ ಊರಿನ ಆಕಡಿ ತುದಿ, ಟಿಕೆಟ್ ತುಟ್ಟಿ ಅಂತ ಬೈಕೊಳ್ಳೋ ಏರ್‌ಪೋರ್ಟ್, ಅಷ್ಟೇ. ಆದ್ರ 1942ರಲ್ಲಿ ಬ್ರಿಟಿಷ್ ವಾಯುಪಡೆ ಇದನ್ನ ಕಟ್ಟಿದ್ದು ಪ್ರಯಾಣಿಕರಿಗಲ್ಲ, ಎರಡನೇ ಮಹಾಯುದ್ಧದ ತರಬೇತಿಗೆ.

ನನಗ ಬಾಳ ಹಿಡಿಸಿದ್ದು 1961ರ ಕಥಿ. ಚೋರ್ಲಾ ಘಾಟ್ ಇಳಿದು ಬೈಕ್ ಮ್ಯಾಲೆ ಹೋಗಿಬರ್ತೀವಲ್ಲ, ಆ ಗೋವಾ ಆಗ ಪೋರ್ಚುಗೀಸರ ಕೈಯಾಗಿತ್ತು. ಡಿಸೆಂಬರ್ 18ಕ್ಕೆ ಸಾಂಬ್ರಾದಿಂದ ಎದ್ದ ಹಂಟರ್ ವಿಮಾನಗಳು ಬಾಂಬೋಲಿಮ್‌ನ ವೈರ್‌ಲೆಸ್ ಕೇಂದ್ರವನ್ನ ಹೊಡೆದು ಹಾಕಿದವು. ಮರುದಿನ ಸಂಜೆ ಅವರು ಶರಣಾದರು. 451 ವರ್ಷದ ಆಳ್ವಿಕೆ ಮುಗೀತು!

2017ರ ಹೊಸ ಟರ್ಮಿನಲ್ ಹೆಂಗೂ ನಿಮ್ಮ ಸ್ಟೋರಿನಾಗ ಐತಿ. ಅದರ ಬಾಜೂಕಿನ ವಾಯುಪಡೆ ತರಬೇತಿ ಶಾಲೆಯಲ್ಲಿ ನಮ್ಮ ವಯಸ್ಸಿನ ಹುಡುಗರು ಇವತ್ತಿಗೂ ಕಲೀತಾರ.