ಕೆರೆಯ ಕಾಯಕ: ಹನಕೆರೆಯ ಸೀಮೆಯಿಂದ ಒಂದು ಅವಲೋಕನ



ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದ ಸಂಗತಿ ನಮಗೆಲ್ಲ ತಿಳಿದದ್ದೇ. ಆ ಕಾಯಕದ ನಡುವೆ ಅಲ್ಲಮಪ್ರಭುಗಳು ಅಲ್ಲಿಗೆ ದಯಮಾಡಿಸಿ, ಕಟ್ಟಿದೆನೆಂಬ ಭಾವವನ್ನೇ ಪ್ರಶ್ನಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಅದರ ತಾತ್ತ್ವಿಕ ಅರ್ಥ ಬಹು ದೊಡ್ಡದು. ಲೌಕಿಕದಲ್ಲಿ ನೋಡಿದರೂ ಅಲ್ಲಿಂದ ಒಂದು ಪ್ರಶ್ನೆ ಹುಟ್ಟುತ್ತದೆ: ಕಟ್ಟಿದ ಪುಣ್ಯವು ಒಂದು ದಿನದ್ದು, ವರ್ಷವರ್ಷವೂ ಹೂಳೆತ್ತಿ ಕೆರೆಯನ್ನು ಉಳಿಸುವವರು ಯಾರು?

ಮದ್ದೂರು-ಮಂಡ್ಯಗಳ ನಡುವೆ ಇರುವ ಹನಕೆರೆಯ ಹೆಸರಿನಲ್ಲೇ ಕೆರೆಯಿದೆ. ಹುಲಿಕೆರೆಯಂತಹ ಊರುಗಳೂ ಇದೇ ಜಿಲ್ಲೆಯವು. ಕಾಲುವೆ ಬರುವ ಮೊದಲು ಇಲ್ಲಿನ ಹೊಲಗಳಲ್ಲಿ ರಾಗಿ, ಕೆರೆಯ ಕೆಳಗಿನ ಗದ್ದೆಗಳಲ್ಲಿ ಮಾತ್ರ ಭತ್ತ. ನಮ್ಮ ಹಿರಿಯರು ಕೆರೆಯ ಪೋಷಣೆಯನ್ನು ಬರಿಯ ಭಕ್ತಿಗೆ ಬಿಟ್ಟವರಲ್ಲ. ಕೆರೆ ಕಟ್ಟಿದವನಿಗೂ ಒಡೆದ ಏರಿಯನ್ನು ದುರಸ್ತಿ ಮಾಡಿದವನಿಗೂ ಭೂಮಿ ಕೊಡುತ್ತಿದ್ದರು. ಶಾಸನಗಳು ಅದನ್ನು ಕಟ್ಟುಕೊಡಗೆ ಎನ್ನುತ್ತವೆ. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿಗೆ ಸುಗ್ಗಿಯಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು.

ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು 1369ರಲ್ಲಿ ಹಾಕಿಸಿದ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಟ್ಟಬಹುದಾದ ಆರು ದೋಷಗಳನ್ನೂ ಹೇಳುತ್ತದೆ. ಏರಿ ಜಿನುಗುವುದು ಒಂದು ದೋಷ, ಚೌಳು ನೆಲ ಇನ್ನೊಂದು. ನೀರು ಅಲ್ಪವಾಗಿ ನೆಲ ಬಹಳವಾದರೂ ದೋಷ, ನೀರು ಬಹಳವಾಗಿ ನೆಲ ಅಲ್ಪವಾದರೂ ದೋಷ! ಹೆಚ್ಚು ನೀರನ್ನೂ ದೋಷವೆಂದು ಕಂಡ ಆ ಕಣ್ಣಿಗೆ ಎಷ್ಟು ತಲೆಮಾರುಗಳ ಅನುಭವವಿರಬೇಕು.

1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯು 1930ರ ದಶಕದ ಮೊದಲಿಗೆ ಮುಗಿದು, ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ಕಾವೇರಿ ಹರಿದಳು. ಕಬ್ಬು, ಭತ್ತ, ಅರೆಖುಷ್ಕಿ ಬೆಳೆಗಳನ್ನು ಸರದಿಯಂತೆ ಬೆಳೆಯಬೇಕೆಂಬ ನಿಯಮವನ್ನೂ ಸರ್ಕಾರ ಮಾಡಿತ್ತು. ಹೊಟ್ಟೆ ತುಂಬಿಸಿದ ಆ ನೀರನ್ನು ಅಲ್ಲಗಳೆಯುವುದು ಕೃತಘ್ನತೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ, ಒಂದು ನಾಲೆಯ ನೀರು ಕಂಡದ್ದು, ಮತ್ತೊಂದು ಕಾಣದ್ದು, ಅಧ್ಯಯನಕ್ಕೆ ತೊಡಗಿ 1970ರಲ್ಲಿ ಮರಳಿ ಬಂದರು. ನೀರುಂಡ ಊರು ಬೇಸಾಯಕ್ಕೇ ಅಂಟಿಕೊಂಡಿತು. ನೀರಿಲ್ಲದ ಊರು ಪೇಟೆಯ ಕಸುಬುಗಳತ್ತ ಮುಖಮಾಡಿತು. ಇಂತಹದು ಒಂದು ಮಳೆಗಾಲದಲ್ಲಿ ಕಾಣುವಂಥದ್ದಲ್ಲ.

ಆದರೆ ನಾಲೆಯ ಭರವಸೆಯಲ್ಲಿ ಕೆರೆಯ ಕಡೆಗೆ ನೋಡುವವರು ಕಡಿಮೆಯಾದರು. ಇತ್ತ 1961ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು. ಹುಟ್ಟಿನಿಂದ ಕಾಯಕವನ್ನು ಹೇರುವುದನ್ನು ಶರಣರೂ ಒಪ್ಪಿದವರಲ್ಲ. ಆದ್ದರಿಂದ ಅದು ನ್ಯಾಯವೇ. ಆದರೆ ಕೆರೆ ಕಾಯುವ ಕೆಲಸಕ್ಕೆ ಅಷ್ಟೇ ಗಟ್ಟಿಯಾದ ಬೇರೊಂದು ಕೂಲಿಯ ಏರ್ಪಾಡು ಊರುಗಳಲ್ಲಿ ಬೆಳೆಯಲಿಲ್ಲ. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆಯೆಂದು ಲೆಕ್ಕವಿದೆ. ಹೂಳು ತುಂಬಿದ ಕೆರೆ ಲೆಕ್ಕದಲ್ಲಿ ಕೆರೆಯೇ, ಬರಗಾಲದಲ್ಲಿ ಅಲ್ಲ. 2023ರಲ್ಲಿ ಮಳೆ ಕೈಕೊಟ್ಟು, ಕಾವೇರಿಯ ನೀರಿಗಾಗಿ ಮಂಡ್ಯದ ರೈತರು ಬೀದಿಗಿಳಿದಾಗ ಅದು ಎಲ್ಲರಿಗೂ ಕಂಡಿತು.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೆಟ್ಟದ ಇಳಿಜಾರಿನಲ್ಲಿ ಹತ್ತಾರು ಕಟ್ಟೆಗಳನ್ನು ತೋಡಿದರು. ಕುರಿ ಮಾರಿ ಹಾರೆ ಗುದ್ದಲಿ ಕೊಂಡರು. ಬಂದ ಪ್ರಶಸ್ತಿಯ ಹಣವನ್ನೂ ಕಟ್ಟೆಗಳಿಗೇ ಸುರಿದರು. ಮೃಗಪಕ್ಷಿಗಳಿಗೆ ನೀರಾಗಲೆಂಬುದು ಅವರ ಬಯಕೆಯಾಗಿತ್ತು. 2022ರ ಅಕ್ಟೋಬರ್‌ನಲ್ಲಿ ಅವರು ನಿಧನರಾದರು. ಮಳೆ ಬಂದಾಗಲೆಲ್ಲ ಬೆಟ್ಟದ ಮಣ್ಣು ಆ ಕಟ್ಟೆಗಳಿಗೆ ಇಳಿದು ಬರುತ್ತಲೇ ಇರುತ್ತದೆ.