ನರಗುಂದದ ಮಾತುಗಾರ, ಮಾಳವದ ಸಂಸದ

ಯಾದಗಿರಿ ಸೀಮೆಯ ಸುರಪುರದ ರಾಜಾ ವೆಂಕಟಪ್ಪ ನಾಯಕ ಮತ್ತು ನರಗುಂದದ ಬಾಬಾಸಾಹೇಬ ಭಾವೆ, ಇಬ್ಬರೂ ಕುಂಪಣಿಯನ್ನು ಎದುರಿಸಿ ಅಳಿದದ್ದು 1858ರಲ್ಲೇ. ಆದ್ದರಿಂದ ನಮ್ಮ ಸೀಮೆಯವರಿಗೆ ನರಗುಂದ ಪರವೂರಲ್ಲ. ಆ ಊರಲ್ಲಿ 1920ರಲ್ಲಿ ಹುಟ್ಟಿದ ಜಗನ್ನಾಥರಾವ್ ಜೋಶಿಯವರು ಕತ್ತಿಯ ಬದಲು ಮಾತನ್ನು ಹಿಡಿದರು.

ರಾಷ್ಟ್ರೀಯ ಸ್ವಯಂಸೇವಕ ಸಂಘದ ಪ್ರಚಾರಕರಾಗಿ ಮನೆಮಾರು ಬಿಟ್ಟ ಜೋಶಿ, 1951ರಲ್ಲಿ ಜನಸಂಘ ಹುಟ್ಟಿದ ಮೇಲೆ ಅದನ್ನು ಕನ್ನಡ ನಾಡಿನಲ್ಲಿ ಬೆಳೆಸುವ ಹೊಣೆ ಹೊತ್ತರು. 1955ರಲ್ಲಿ ಸತ್ಯಾಗ್ರಹಿಗಳ ತಂಡ ಕಟ್ಟಿಕೊಂಡು ಗೋವೆಯ ಗಡಿ ದಾಟಿದರು. ಪೋರ್ಚುಗೀಸರ ಸೆರೆಮನೆ ಕಂಡರು. ಗೋವೆ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ಕಳೆದರೂ ನಿಜಾಮನ ಆಳ್ವಿಕೆಯಲ್ಲೇ ಉಳಿದು, 1948ರ ಸೆಪ್ಟೆಂಬರ್ 17ರವರೆಗೆ ರಜಾಕಾರರ ಕಾಟ ಉಂಡ ನಮ್ಮ ಭಾಗದ ಹಿರಿಯರಿಗೆ ಆ ಕಾಯುವಿಕೆಯ ಕಷ್ಟವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಜೋಶಿಯವರ ಭಾಷಣವೆಂದರೆ ಜನ ಸೇರುತ್ತಿತ್ತು. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ನಾಲಿಗೆ ಸಲೀಸು. ಪುರಾಣದ ಪ್ರಸಂಗ, ಬೀದಿಯ ಚೇಷ್ಟೆ, ಚುಚ್ಚುಮಾತು ಎಲ್ಲ ಬೆರೆತು ಬರುತ್ತಿದ್ದವು. ಅಭಿಮಾನಿಗಳು ‘ಕರ್ನಾಟಕ ಕೇಸರಿ’ ಎಂದು ಕರೆದರು. ಆದರೆ ಕೇಳಿ ನಕ್ಕವರೆಲ್ಲ ಮತಗಟ್ಟೆಯಲ್ಲಿ ಜನಸಂಘದ ದೀಪದ ಗುರುತನ್ನು ಹುಡುಕಲಿಲ್ಲ. 1967ರ ವಿಧಾನಸಭೆಯಲ್ಲಿ ಜನಸಂಘಕ್ಕೆ ದಕ್ಕಿದ್ದು 4 ಸ್ಥಾನ. ಹಿಂದಿಯ ಪರ ನಿಂತ ಪಕ್ಷ, ಮೇಲ್ಜಾತಿಯವರ ಮತ್ತು ಪೇಟೆಯ ವ್ಯಾಪಾರಿಗಳ ಪಕ್ಷ ಎಂಬ ಮಾತು ಅದಕ್ಕೆ ಅಂಟಿಕೊಂಡಿತ್ತು. ಆ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಊರ ಗೌಡ, ಸಾಹುಕಾರ, ಪಂಚರ ಮನೆಗಳು ಕಾಂಗ್ರೆಸ್ಸಿನ ಕಡೆ ಇದ್ದಾಗ ವೇದಿಕೆಯ ವಿನೋದ ಎಷ್ಟು ದೂರ ಹೋದೀತು?

ವಿಚಿತ್ರವೆಂದರೆ ಅದೇ 1967ರಲ್ಲಿ ಭೋಪಾಲದ ಮತದಾರರು ಈ ಕನ್ನಡಿಗನನ್ನು ಲೋಕಸಭೆಗೆ ಕಳಿಸಿದರು. ಆ ಸಭೆಯಲ್ಲಿ ಜನಸಂಘದವರು 35 ಮಂದಿ. ಗೋಹತ್ಯೆ ನಿಷೇಧ, ಕಾಶ್ಮೀರಕ್ಕೆ ಪ್ರತ್ಯೇಕ ಸ್ಥಾನಮಾನ ಬೇಡ, ಎಲ್ಲರಿಗೂ ಒಂದೇ ನಾಗರಿಕ ಸಂಹಿತೆ: ಪಕ್ಷ ಹಿಡಿದ ಪಟ್ಟು ಇವು. 1971ರಲ್ಲಿ ಇಂದಿರಾ ಅಲೆಗೆ ಕರ್ನಾಟಕದ 27 ಸ್ಥಾನಗಳೂ ಕಾಂಗ್ರೆಸ್ಸಿನ ಪಾಲಾದವು. ಭೋಪಾಲವನ್ನು ಶಂಕರದಯಾಳ ಶರ್ಮರು ಗೆದ್ದರು. ಜೋಶಿ ಮಾತ್ರ ಮಾಳವದ ಶಾಜಾಪುರದಿಂದ ಮತ್ತೆ ಆರಿಸಿಬಂದರು. ತುರ್ತು ಪರಿಸ್ಥಿತಿ ಕಳೆದ ಮೇಲೆ ರಾಜ್ಯಸಭೆಯಲ್ಲೂ ಕುಳಿತರು. ಕನ್ನಡ ನಾಡಿನ ಯಾವ ಕ್ಷೇತ್ರವೂ ಅವರನ್ನು ಲೋಕಸಭೆಗೆ ಕಳಿಸಲಿಲ್ಲ.

ಅವರ ವಿಚಾರಗಳನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಈ ಬರಹಗಾರನಿಗೆ ಹಿಡಿಸಿದ್ದು ಅವರ ಪಟ್ಟಿಗಿಂತ ಅವರ ತಾಳ್ಮೆ. ಗೆಲ್ಲುವ ಪಕ್ಷಕ್ಕೆ ಹಾರುವುದು ರೂಢಿಯಾದ ನಾಡಿನಲ್ಲಿ, ಸೋಲುವ ಪಕ್ಷದ ಪರವಾಗಿ ನಗುನಗುತ್ತ ನಾಲ್ಕು ದಶಕ ಮಾತಾಡುವುದು ಸಣ್ಣ ಕೆಲಸವಲ್ಲ.

1991ರ ಜೂನ್‌ನಲ್ಲಿ ಫಲಿತಾಂಶ ಬಂದಾಗ ಜನಸಂಘದ ವಾರಸುದಾರನಾದ ಭಾರತೀಯ ಜನತಾ ಪಕ್ಷ ಕರ್ನಾಟಕದಲ್ಲಿ ಮೊದಲ ಬಾರಿಗೆ ಲೋಕಸಭಾ ಸ್ಥಾನಗಳನ್ನು ಗೆದ್ದಿತ್ತು: ಬೆಂಗಳೂರು ದಕ್ಷಿಣ, ಮಂಗಳೂರು, ತುಮಕೂರು, ಮತ್ತು ನಮ್ಮ ಭಾಗದ ಬೀದರ. ಬೀದರದಲ್ಲಿ ಗೆದ್ದ ರಾಮಚಂದ್ರ ವೀರಪ್ಪನವರು ಹಿಂದೆ ಕಾಂಗ್ರೆಸ್ಸಿನ ಸಂಸದರಾಗಿದ್ದವರೇ. ಮರುತಿಂಗಳು, ಜುಲೈ 15ರಂದು ಜೋಶಿ ತೀರಿಕೊಂಡರು. ಮುಂದೆ ನಮ್ಮ ಸುರಪುರವೂ 2008ರಲ್ಲಿ ಭಾರತೀಯ ಜನತಾ ಪಕ್ಷದ ಶಾಸಕನನ್ನು ಆರಿಸಿತು. ಯಾದಗಿರಿಯಲ್ಲಿ ಮುದನಾಳ ಮನೆತನದ ವೆಂಕಟರೆಡ್ಡಿಯವರು ಅದೇ ಪಕ್ಷದಿಂದ 2018ರಲ್ಲಿ ಗೆದ್ದರು.